ಪಾರ್ಕ್ ದೆ ಪ್ರ್ಯಾನ್ಸ್: ಸೈಕಲ್ ಟ್ರ್ಯಾಕ್ ಹುಡುಕಿ ಹೋಗುವವರಿಗೆ

ಕಲಬುರಗಿಯಿಂದ ಪ್ಯಾರಿಸ್ಸಿಗೆ ಹೋಗುವ ಸೈಕಲ್ ಪ್ರಿಯರು ಒಂದು ವಿಷಯ ತಿಳಿದುಕೊಂಡೇ ಹೊರಡಿ. 1967ರವರೆಗೆ ಟೂರ್ ದೆ ಫ್ರಾನ್ಸ್ ಸೈಕಲ್ ಸ್ಪರ್ಧೆ ಬಂದು ಮುಗಿಯುತ್ತಿದ್ದ ಪಾರ್ಕ್ ದೆ ಪ್ರ್ಯಾನ್ಸ್ ಕ್ರೀಡಾಂಗಣದಲ್ಲಿ ಈಗ ಟ್ರ್ಯಾಕ್ ಇಲ್ಲ. ಆದರೆ ಫುಟ್‌ಬಾಲ್ ನೋಡಲು ಬಹಳ ಒಳ್ಳೆಯ ಜಾಗ.

ಎರಡೂ ಆಟ ಒಂದೇ ಅಂಗಳದಲ್ಲಿ ಏಕೆ ಹೊಂದಲಿಲ್ಲ ಎಂಬುದಕ್ಕೆ ಲೆಕ್ಕವೇ ಉತ್ತರ. 105×68 ಮೀಟರ್ ಮೈದಾನದ ಸುತ್ತಳತೆಯೇ 346 ಮೀಟರ್. ಇಂದಿನ 250 ಮೀಟರ್ ಟ್ರ್ಯಾಕಿನೊಳಗೆ ಅದು ಹಿಡಿಯುವುದೇ ಇಲ್ಲ. 1897ರಲ್ಲಿ ಇಲ್ಲಿನ ಟ್ರ್ಯಾಕ್ 666 ಮೀಟರ್ ಇತ್ತು, 1932ರ ಮರುನಿರ್ಮಾಣದಲ್ಲಿ 454ಕ್ಕೆ ಇಳಿಯಿತು. ಮೈದಾನವೇನೋ ಒಳಗೆ ಕೂತಿತು, ಗೋಲಿನ ಹಿಂದಿನ ಪ್ರೇಕ್ಷಕ ಮಾತ್ರ ದೂರವಾದ. ತಿರುವಿನಲ್ಲಿ ಟ್ರ್ಯಾಕಿನ ಹೊರ ಅಂಚು ಎತ್ತರವಾಗಿರುವುದರಿಂದ ಅದರ ಹಿಂದಿನ ಸಾಲುಗಳನ್ನೂ ಮೇಲಕ್ಕೇರಿಸಬೇಕು, ಇಲ್ಲದಿದ್ದರೆ ಚೆಂಡೇ ಕಾಣದು. ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಟದ ಟ್ರ್ಯಾಕ್ ಆಚೆ ಕೂತು ಫುಟ್‌ಬಾಲ್ ನೋಡುವವರಿಗೆ ಈ ದೂರದ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಆ ಹಳೆಯ ಅಂಗಳ ಸಣ್ಣದ್ದೇನಲ್ಲ. 1938ರ ವಿಶ್ವಕಪ್ಪಿನ ಮೊದಲ ಪಂದ್ಯ ನಡೆದದ್ದು ಇಲ್ಲೇ. 1956ರಲ್ಲಿ ಮೊದಲ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡ ರ‍್ಯಾಂಸ್ ತಂಡವನ್ನು 4–3ರಿಂದ ಸೋಲಿಸಿತು. 1964ರ ಟೂರ್ ಕೂಡ ಇಲ್ಲಿಯೇ ತೀರ್ಮಾನವಾಯಿತು. ಗೆದ್ದ ಸೈಕಲ್ ಪಟು ಆಂಕೆಟಿಲ್ ಮತ್ತು ಎರಡನೆಯವನಾದ ಪುಲಿಡೋರ್ ನಡುವಿನ ಅಂತರ ಬರೀ 55 ಸೆಕೆಂಡು.

ಪ್ಯಾರಿಸ್ಸಿನ ವರ್ತುಲ ರಸ್ತೆಗೆ ಜಾಗ ಬೇಕಾದಾಗ ಹಳೆಯದನ್ನು ಕೆಡವಿದರು. 1972ರಲ್ಲಿ ರೋಜೆ ತೈಬೇರ್ ವಿನ್ಯಾಸದ ಹೊಸ ಕಟ್ಟಡ ಎದ್ದಿತು. ರಸ್ತೆ ಅದರ ಅಡಿಯಲ್ಲೇ ಹಾಯುತ್ತದೆ. ನಮ್ಮ ಕೋಟೆಯ ಜಾಮಿ ಮಸೀದಿಗೂ ಪೂರ್ತಿ ಚಾವಣಿ ಉಂಟು, ಆದರೆ ಅದನ್ನು ಹೊರಲು ಸಾಲುಸಾಲು ಕಂಬ. ಇಲ್ಲಿ ಕಾಂಕ್ರೀಟ್ ಪಕ್ಕೆಲುಬುಗಳು ಹಿಂದಿನಿಂದಲೇ ಚಾವಣಿಯನ್ನು ಎತ್ತಿ ಹಿಡಿಯುತ್ತವೆ. ಹೀಗಾಗಿ ಸುಮಾರು 48,000 ಆಸನಗಳಲ್ಲಿ ಯಾರ ಕಣ್ಣಿಗೂ ಕಂಬ ಅಡ್ಡ ಬರುವುದಿಲ್ಲ. ಕೊರತೆಯೂ ಇದರಲ್ಲೇ ಇದೆ: ಸುತ್ತ ಊರು, ಕೆಳಗೆ ರಸ್ತೆ, ಇನ್ನಷ್ಟು ಆಸನ ಸೇರಿಸುವುದು ಕಷ್ಟ.

ಮೆಟ್ರೋ 9ನೇ ಮಾರ್ಗದಲ್ಲಿ ಪೋರ್ತ್ ದೆ ಸ್ಯಾಂ-ಕ್ಲೂ ನಿಲ್ದಾಣದಲ್ಲಿಳಿದರೆ ನಡೆದೇ ಹೋಗಬಹುದು. ಒಳಗೆ ಸುತ್ತಾಡಿ ನೋಡುವ ಟಿಕೆಟ್ ಇಲ್ಲಿ ಆಡುವ ಪ್ಯಾರಿಸ್ ಸ್ಯಾಂ-ಜೆರ್ಮ್ಯಾಂ ಫುಟ್‌ಬಾಲ್ ಕ್ಲಬ್ಬಿನವರೇ ಕೊಡುತ್ತಾರೆ. ಕೊಳ್ಳುವ ಮೊದಲು ಪಂದ್ಯಗಳ ಪಟ್ಟಿ ನೋಡಿಕೊಳ್ಳಿ.

ಟ್ರ್ಯಾಕನ್ನೇ ಕಣ್ಣಾರೆ ಕಾಣಬೇಕೆಂದರೆ ನಗರದ ಪೂರ್ವಕ್ಕೆ ವ್ಯಾನ್ಸೆನ್ ಕಾಡಿನ ಲಾ ಸಿಪಾಲ್ ಎಂಬ ಸೈಕಲ್ ಅಂಗಳಕ್ಕೆ ಹೋಗಿ. 500 ಮೀಟರಿನ ಕಾಂಕ್ರೀಟ್ ಟ್ರ್ಯಾಕ್, ನಡುವೆ ಹುಲ್ಲಿನ ಮೈದಾನ. 1968ರಿಂದ 1974ರವರೆಗೆ ಟೂರ್ ಮುಗಿದದ್ದು ಅಲ್ಲಿಯೇ. ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮೆರ್ಕ್ಸ್ ಐದು ಬಾರಿಯೂ ಟೂರ್ ಗೆದ್ದು ಬಂದದ್ದು ಆ ಟ್ರ್ಯಾಕಿಗೇ.