ಸಂಶೋಧನೆಗೆ ಜೊತೆಗಾರರನ್ನು ಹುಡುಕುವ ತಾಣಗಳು: ಹಾವೇರಿಯಲ್ಲಿ ಕೂತು ಬಳಸಿದ ಮೇಲೆ

ರಿಸರ್ಚ್‌ಗೇಟ್, ಗೂಗಲ್ ಸ್ಕಾಲರ್, ಆರ್ಕಿಡ್, ವಿದ್ವಾನ್, ಶೋಧಗಂಗಾ ಎಲ್ಲವನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ‘ನೆಟ್‌ವರ್ಕಿಂಗ್’ ಅಂತ ಬೋರ್ಡು ಹಾಕಿಕೊಂಡ ತಾಣಗಳಿಗಿಂತ, ಹಳೇ ಪಿಎಚ್‌ಡಿ ಪ್ರಬಂಧಗಳನ್ನು ಪೇರಿಸಿಟ್ಟ ಶೋಧಗಂಗಾವೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ.

ನಾನು ಹಾವೇರಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಕೆಲಸ ಬ್ಯಾಡಗಿ ಮೆಣಸಿನಕಾಯಿ ಮೇಲೆ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಕಾಯಿಯ ಬಣ್ಣ ಎಷ್ಟು ಇಳಿಯುತ್ತದೆ ಅನ್ನುವುದು ಪ್ರಶ್ನೆ. ಬ್ಯಾಡಗಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ, ಹಾಗಾಗಿ ಇದು ವ್ಯಾಪಾರಸ್ಥರಿಗೂ ಬೇಕಾದ ವಿಷಯವೇ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ 460 ನ್ಯಾನೋಮೀಟರಿನ ಬೆಳಕಿನಲ್ಲಿ ಓದಿದರೆ ಒಟ್ಟು ಬಣ್ಣದ ಲೆಕ್ಕ, ಅಂದರೆ ಆಸ್ಟಾ ಮೌಲ್ಯ ಸಿಗುತ್ತದೆ. ಅಷ್ಟಕ್ಕೆ ನಮ್ಮ ಲ್ಯಾಬಿನ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಆದರೆ ಆ ಕೆಂಪಿನಲ್ಲಿ ಕ್ಯಾಪ್ಸಾಂಥಿನ್ ಅನ್ನುವ ಮುಖ್ಯ ಕೆಂಪು ವಸ್ತು ಎಷ್ಟು, ಬೇರೆಯವು ಎಷ್ಟು ಅಂತ ಬಿಡಿಸಲು ಎಚ್‌ಪಿಎಲ್‌ಸಿ ಬೇಕು, ಅಂದರೆ ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಅದರ ಮೇಲೆ ಕೈ ಪಳಗಿದವರೂ ಬೇಕು. ನಮ್ಮಲ್ಲಿ ಎರಡೂ ಇಲ್ಲ.

ರಿಸರ್ಚ್‌ಗೇಟ್ ಸಂಶೋಧಕರು ಲೇಖನ ಹಂಚಿಕೊಳ್ಳುವ ತಾಣ, 2008ರಲ್ಲಿ ಶುರುವಾದ ಬರ್ಲಿನ್ ಕಂಪನಿ. ಒಳಗೆ ಹೋಗಲು ಸಂಸ್ಥೆಯ ಇಮೇಲ್ ಇದ್ದರೆ ಸಲೀಸು. ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಎಲ್ಲರದೂ ಜಿಮೇಲೇ ಅಲ್ವಾ, ಅಂಥವರು ತಮ್ಮ ಪ್ರಕಟಿತ ಲೇಖನ ತೋರಿಸಬೇಕು. ‘ಫಾಲೋ’ ಒತ್ತಿ ಕೂತರೆ ಏನೂ ಆಗುವುದಿಲ್ಲ. ಇಷ್ಟು ಜನ ಓದಿದರು ಅಂತ ಬರುವ ಮೇಲ್‌ಗಳಿಂದ ಮನಸ್ಸಿಗೆ ಸ್ವಲ್ಪ ಖುಷಿ, ಅಷ್ಟೇ. ಹಿಂದೆ ಸಂಶೋಧಕರಿಗೆ ಅಂಕ ಕೊಡುವ ಆರ್‌ಜಿ ಸ್ಕೋರ್ ಅಂತ ಒಂದಿತ್ತು. ಅದನ್ನು 2022ರಲ್ಲಿ ಅವರೇ ತೆಗೆದುಹಾಕಿದರು. ಒಳ್ಳೇದೇ ಆಯಿತು.

ನಿಜವಾಗಿ ಕೆಲಸ ಮಾಡುವುದು ಪೂರ್ಣ ಲೇಖನ ಕೇಳುವ ಬಟನ್. ಮೆಣಸಿನಕಾಯಿ ಬಣ್ಣದ ಮೇಲೆ ಕೆಲಸ ಮಾಡಿದವರು ಸ್ಪೇನ್, ಹಂಗೇರಿಗಳಲ್ಲಿ ಬಹಳ ಇದ್ದಾರೆ, ಪಾಪ್ರಿಕಾ ಅವರ ಬೆಳೆಯಲ್ಲವೇ. ಅಲ್ಲಿನವರೊಬ್ಬರ ಲೇಖನ ಕೇಳಿದೆ, ಕಳಿಸಿದರು. ಓದಿ ಒಂದೇ ಪ್ರಶ್ನೆ ಬರೆದೆ. ಈ ಬಣ್ಣಗಳು ಕಾಯಿಯಲ್ಲಿ ಹೆಚ್ಚಾಗಿ ಕೊಬ್ಬಿನಾಮ್ಲಗಳ ಜೊತೆ ಬೆಸೆದುಕೊಂಡು ಎಸ್ಟರ್ ಆಗಿಯೇ ಇರುತ್ತವೆ. ಕ್ಷಾರ ಹಾಕಿ ಅವನ್ನು ಬಿಡಿಸಿಕೊಂಡೇ ಎಚ್‌ಪಿಎಲ್‌ಸಿಯಲ್ಲಿ ಓಡಿಸಬೇಕೋ, ಹಾಗೇ ಓಡಿಸಬಹುದೋ? ಉತ್ತರ ಉದ್ದವಾಗಿಯೇ ಬಂತು, ಜೊತೆಗೆ ಅವರ ಲ್ಯಾಬಿನ ವಿಧಾನದ ಫೈಲೂ ಬಂತು. ‘ನಾವು ಸೇರಿ ಕೆಲಸ ಮಾಡೋಣವೇ’ ಅಂತ ಮೊದಲ ಸಲವೇ ಬರೆದಿದ್ದರೆ ಆ ಉತ್ತರ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ನನಗೇ ಅಂಥ ಮೆಸೇಜು ಬಂದರೆ ನಾನೂ ಸುಮ್ನೆ ಇದ್ದುಬಿಡುತ್ತೇನೆ.

ಗೂಗಲ್ ಸ್ಕಾಲರ್ ಹುಡುಕಾಟಕ್ಕೆ ಚೆನ್ನ. ಪ್ರೊಫೈಲಿನ ಪಕ್ಕದಲ್ಲಿ ಬರುವ ಸಹಲೇಖಕರ ಪಟ್ಟಿಯನ್ನು ತಪ್ಪದೆ ನೋಡಿ. ಆದರೆ ನಮ್ಮ ಭಾಗದಲ್ಲಿ ಒಂದು ಫಜೀತಿ ಇದೆ. ಎಸ್. ಪಾಟೀಲ ಅಂತ ಹುಡುಕಿದರೆ ಧಾರವಾಡದ ಮಣ್ಣುವಿಜ್ಞಾನಿ, ಹುಬ್ಬಳ್ಳಿಯ ಡಾಕ್ಟರು, ಪುಣೆಯ ಎಂಜಿನಿಯರು ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಹಿರೇಮಠ, ಕುಲಕರ್ಣಿಗಳದ್ದೂ ಇದೇ ಕಥೆ. ಇದಕ್ಕೆ ಮದ್ದು ಆರ್ಕಿಡ್, 2012ರಿಂದ ಇರುವ 16 ಅಂಕಿಯ ಗುರುತಿನ ಸಂಖ್ಯೆ. ಪುಕ್ಕಟೆ. ಪಾಟೀಲರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಮಾಡಿಸಿಕೊಳ್ಳಿರಿ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲದ ಕೇಂದ್ರ) ನಡೆಸುವ ವಿದ್ವಾನ್‌ನಲ್ಲಿ ವಿಷಯ ಹಿಡಿದು, ಸಂಸ್ಥೆ ಹಿಡಿದು ದೇಶದ ತಜ್ಞರನ್ನು ಹುಡುಕಬಹುದು. ಇಂಥ ಯಾವುದೇ ಪಟ್ಟಿಯಲ್ಲಿ ವಿವರ ಎಷ್ಟು ಹೊಸದು ಅನ್ನುವುದು ಆಯಾ ಮನುಷ್ಯ ಅಪ್‌ಡೇಟ್ ಮಾಡುವುದರ ಮೇಲೆ ನಿಂತಿದೆ. ಬರೆಯುವ ಮುಂಚೆ ಕೊನೆಯ ಲೇಖನ ಯಾವ ವರ್ಷದ್ದು ನೋಡಿಕೊಳ್ಳಿ.

ಇನ್ನು ಶೋಧಗಂಗಾ. ಇದೂ ಇನ್‌ಫ್ಲಿಬ್‌ನೆಟ್ಟಿನದೇ. ಇಲ್ಲಿ ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಬಿಡಿಬಿಡಿಯಾಗಿ ಇರುತ್ತವೆ. ಎಲ್ಲರೂ ಫಲಿತಾಂಶದ ಅಧ್ಯಾಯ ತೆಗೆಯುತ್ತಾರೆ. ನೀವು ಕೃತಜ್ಞತೆಯ ಫೈಲು ತೆಗೆಯಿರಿ. ಗೈಡ್‌ಗೆ, ಅಪ್ಪ-ಅವ್ವನಿಗೆ, ಟೈಪ್ ಮಾಡಿಕೊಟ್ಟವರಿಗೆ ನಮಸ್ಕಾರ ಹೇಳಿದ ಮೇಲೆ ಎಲ್ಲೋ ನಡುವೆ ಒಂದು ಸಾಲು ಇರುತ್ತದೆ: ಇಂಥ ಲ್ಯಾಬಿನ ಇಂಥವರು ಯಂತ್ರ ಬಳಸಲು ಬಿಟ್ಟರು, ಕೂತು ಕಲಿಸಿಕೊಟ್ಟರು. ನನಗೆ ಬೇಕಾದ ಮಾಹಿತಿ ಅದೇ. ಬೇರೆ ವಿದ್ಯಾರ್ಥಿಗೆ ಹಿಂದೆ ಕೈ ಹಿಡಿದವರು ನಮಗೂ ಹಿಡಿಯುವ ಸಾಧ್ಯತೆ ಜಾಸ್ತಿ.

ಹಾಗೇ ಸಿಕ್ಕವರು ಧಾರವಾಡದ ಒಬ್ಬ ಮೇಡಂ. ಫೋನಿನಲ್ಲಿ ವಿಷಯ ಕೇಳಿ, “ಸ್ಯಾಂಪಲ್ ತಗೊಂಡ್ ಬರ್ರಿ ಸರ, ಮೊದ್ಲ ಒಂದೆರಡು ರನ್ ಮಾಡಿ ನೋಡೂಣಂತ” ಅಂದರು. ಬೆಳಕು ಬಿದ್ದರೆ ಬಣ್ಣ ಹಾಳಾಗುತ್ತದೆ, ಅದಕ್ಕೆ ಟ್ಯೂಬುಗಳಿಗೆ ಫಾಯಿಲ್ ಸುತ್ತಿ ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ದೆ. ಈಗ ನಮ್ಮಿಬ್ಬರ ಹೆಸರಿನ ಕರಡು ಸಿದ್ಧವಾಗುತ್ತಿದೆ. ಮಾತುಕತೆ ಎಲ್ಲ ವಾಟ್ಸಾಪಿನಲ್ಲೇ.

ಬರೀ ಯಂತ್ರ ಸಾಕು, ಮನುಷ್ಯರು ಬೇಡ ಅನ್ನುವವರಿಗೆ ಬೇರೆ ದಾರಿ ಇದೆ. 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲಿನಲ್ಲಿ ಯಾವ ಉಪಕರಣ ಎಲ್ಲಿದೆ ನೋಡಿ ಬುಕ್ ಮಾಡಬಹುದು.

ದುಡ್ಡಿನ ಮಾತು. ಮೊದಲ ಸಾಲಿನಲ್ಲಿ ಹೇಳಿದ ಐದು ತಾಣಗಳಿಗೂ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಲೇಖನ ಹಂಚುವ ಇನ್ನೊಂದು ತಾಣ ಅಕಾಡೆಮಿಯಾ ಡಾಟ್ ಎಡು ಹೆಸರು ನೋಡಿ ವಿಶ್ವವಿದ್ಯಾಲಯ ಅಂದುಕೊಳ್ಳಬೇಡಿ, ಅದು ಖಾಸಗಿ ಕಂಪನಿ, ಕೆಲವು ಸೌಲಭ್ಯಕ್ಕೆ ಪ್ರೀಮಿಯಂ ಕೇಳುತ್ತದೆ. ಪ್ರೊಫೈಲಿನಲ್ಲಿ ಇಮೇಲ್ ಹಾಕಿದರೆ ‘ಗೌರವಾನ್ವಿತ ಪ್ರೊಫೆಸರ್’ ಅಂತ ಶುರುವಾಗಿ ಪ್ರಕಟಣೆಗೆ ಫೀಸು ಕೇಳುವ ಜರ್ನಲ್‌ಗಳ ಪತ್ರಗಳೂ ಸಾಲುಗಟ್ಟಿ ಬರುತ್ತವೆ. ನಾನು ಇದಕ್ಕೇ ಅಂತ ಬೇರೆ ಜಿಮೇಲ್ ಇಟ್ಟುಕೊಂಡಿದ್ದೇನೆ. ಶನಿವಾರ ಒಮ್ಮೆ ತೆಗೆದು ನೋಡುತ್ತೇನೆ.