ಕಾರ್ಯಭಾರ ಪಟ್ಟಿ ನೋಡದೆ ಬಿಲ್ಲಿಗೆ ಸಹಿ ಹಾಕಬೇಡಿ

ಪಿಎಚ್‌ಡಿ, ಕೆಸೆಟ್ (ಉಪನ್ಯಾಸಕರ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಮುಗಿಸಿ ವಿಶ್ವವಿದ್ಯಾಲಯಕ್ಕೆ ಅತಿಥಿ ಉಪನ್ಯಾಸಕರಾಗಿ ಮೊದಲ ಸಲ ಹೋಗುತ್ತಿರುವವರು ದಯವಿಟ್ಟು ಇದನ್ನು ಓದಿ. ಎರಡು ಸೆಮಿಸ್ಟರ್ ದುಡಿದು, ಅರ್ಧ ಹಣ ಕಳೆದುಕೊಂಡ ಮೇಲೆ ನನಗೆ ಗೊತ್ತಾದದ್ದು ಇದು.

ನಾನು ಸೇರಿದ್ದು ರಾಜ್ಯದ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಕ್ಕೆ. ಸಂದರ್ಶನ ಮುಗಿದ ಮರುವಾರ ಮುಖ್ಯಸ್ಥರು ಫೋನ್ ಮಾಡಿದರು. "ಬನ್ನಿ ಮೇಡಂ, ಕ್ಲಾಸ್ ಶುರು ಮಾಡಿ. ನೇಮಕಾತಿ ಆದೇಶ ಆಮೇಲೆ ಬರುತ್ತೆ" ಅಂದರು. ಕೆಲಸ ಸಿಕ್ಕಿತಲ್ಲ ಅಂತ ಹೋದೆ. ಟೈಮ್‌ಟೇಬಲ್‌ನಲ್ಲಿ ನನ್ನ ಹೆಸರಿಗೆ ವಾರಕ್ಕೆ 16 ಗಂಟೆ ಇತ್ತು. ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ.

ನಾಲ್ಕು ತಿಂಗಳು ಗೌರವಧನ ಬರಲಿಲ್ಲ. ವಿಭಾಗದಲ್ಲಿ ಕೇಳಿದರೆ ಬಿಲ್ ಹಣಕಾಸು ವಿಭಾಗಕ್ಕೆ ಹೋಗಿದೆ. ಅಲ್ಲಿ ಕೇಳಿದರೆ ಕಡತ ಕುಲಸಚಿವರ ಕಚೇರಿಯಲ್ಲಿದೆ. ಅಲ್ಲಿಗೆ ಹೋದರೆ ಅನುದಾನ ಬಂದಿಲ್ಲ. ಮನೆ ಬಾಡಿಗೆಗೆ ಅಮ್ಮನ ಹತ್ತಿರ ಕೈಚಾಚಬೇಕಾಯಿತು. ಐದನೇ ತಿಂಗಳು ಖಾತೆಗೆ ದುಡ್ಡು ಬಿತ್ತು. ಲೆಕ್ಕ ಹಾಕಿದರೆ ಬರಬೇಕಾದದ್ದರ ಅರ್ಧಕ್ಕಿಂತ ಕಡಿಮೆ. "ಟಿಡಿಎಸ್ ಹೋಗಿರುತ್ತೆ ಮೇಡಂ" ಅಂದರು ಮುಖ್ಯಸ್ಥರು.

ಟಿಡಿಎಸ್ ಅಂದರೆ ಪಾವತಿಗೆ ಮೊದಲೇ ಹಿಡಿಯುವ ತೆರಿಗೆ. ಅದು ಅಷ್ಟೊಂದು ಹೋಗುತ್ತಾ? ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನನ್ನ 26ಎಎಸ್ (ತೆರಿಗೆ ಕಡಿತದ ವಿವರಪಟ್ಟಿ) ತೆಗೆದು ನೋಡಿದೆ. ಎಷ್ಟು ತೆರಿಗೆ ಹಿಡಿದಿದ್ದಾರೆ ಅನ್ನುವುದರ ಜೊತೆಗೆ, ಒಟ್ಟು ಎಷ್ಟು ಪಾವತಿ ತೋರಿಸಿದ್ದಾರೆ ಅನ್ನುವುದೂ ಅದರಲ್ಲಿ ಇರುತ್ತದೆ. ಆ ಒಟ್ಟು ಮೊತ್ತವೇ ಅರ್ಧ ಇತ್ತು. ಅಂದರೆ ಬಿಲ್ಲೇ ಅರ್ಧಕ್ಕೆ ಆಗಿತ್ತು.

ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದೆ. ಸಿಟ್ಟಿನಲ್ಲಿ ಎಲ್ಲವನ್ನೂ ಒಂದರಲ್ಲೇ ಕೇಳಿದ್ದೆ, ಅದು ವಾಪಸ್ ಬಂತು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಎರಡನೇ ಸಲ, ಯಾರಿಗೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂದು ವಿಭಾಗ ಬರೆದು ಕಳಿಸಿದ ಕಾರ್ಯಭಾರ ಪಟ್ಟಿಯ ದೃಢೀಕೃತ ಪ್ರತಿಯನ್ನು ಮಾತ್ರ ಕೇಳಿದೆ. ಇನ್ನೊಂದು ಅರ್ಜಿಯಲ್ಲಿ ನನ್ನ ಬಿಲ್ಲುಗಳ ಪ್ರತಿ. ಒಂದೊಂದಕ್ಕೆ 10 ರೂಪಾಯಿ ಶುಲ್ಕ.

ಪಟ್ಟಿಯಲ್ಲಿ ನನಗೆ ವಾರಕ್ಕೆ 8 ಗಂಟೆ ಅಂತ ಇತ್ತು. ನಾನು ಪಾಠ ಮಾಡಿದ ಇನ್ನೆರಡು ಪೇಪರ್ ಬೇರೊಬ್ಬರ ಹೆಸರಿನಲ್ಲಿದ್ದವು. ಅವರನ್ನು ನಮ್ಮ ವಿದ್ಯಾರ್ಥಿಗಳು ಒಂದು ದಿನವೂ ನೋಡಿಲ್ಲ. ಬಿಲ್ಲುಗಳಲ್ಲಿ ನನ್ನದೇ ಸಹಿ. ತಿಂಗಳ ಕೊನೆಗೆ ಕ್ಲರ್ಕ್ ಫಾರಂ ತರುತ್ತಿದ್ದರು, ಗಂಟೆಯ ಕಾಲಂ ಖಾಲಿ ಇರುತ್ತಿತ್ತು. "ಆಮೇಲೆ ತುಂಬ್ತೀವಿ" ಅನ್ನುತ್ತಿದ್ದರು. ನಂಬಿ ಸಹಿ ಹಾಕಿದ್ದೆ.

ದೂರು ಕೊಟ್ಟೆ. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಆದೇಶದ ಪ್ರತಿ ಕೈಯಲ್ಲಿ ಇಲ್ಲದ್ದರಿಂದ ಅನುಭವ ಪ್ರಮಾಣಪತ್ರಕ್ಕೂ ಅಲೆಯುತ್ತಿದ್ದೇನೆ. ದುಡ್ಡಿಗಿಂತ ಇದೇ ಜಾಸ್ತಿ ನೋವು ಕೊಡುವುದು.

ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲೇ ಹೇಳಿದೆ. ನಮ್ಮ ಚರ್ಚೆಯೆಲ್ಲ ಈ ದರದ ಸುತ್ತಲೇ ನಡೆಯುತ್ತದೆ. ದರ ಎಷ್ಟೇ ಇರಲಿ, ಅದನ್ನು ಗುಣಿಸುವುದು ಗಂಟೆಗಳಿಂದ ಅಲ್ವಾ? ಆ ಗಂಟೆಗಳನ್ನು ಬರೆಯುವುದು ವಿಭಾಗದ ಒಬ್ಬಿಬ್ಬರು. ಪಾಠ ಮಾಡಿದವರಿಗೆ ಅದನ್ನು ತೋರಿಸುವುದೇ ಇಲ್ಲ. ಕಾರ್ಯಭಾರ ಪಟ್ಟಿಯನ್ನು ಟೈಮ್‌ಟೇಬಲ್ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಹಾಕಿದರೆ ಯಾರಿಗೆ ನಷ್ಟ?

ಹಾಗಾಗಿ ಮೊದಲ ದಿನವೇ ಆದೇಶದ ಪ್ರತಿ ಕೇಳಿ. ಕೊಡದಿದ್ದರೆ, ಇಂಥ ದಿನದಿಂದ ಇಂಥ ಪೇಪರ್‌ಗಳಿಗೆ ಪಾಠ ಶುರು ಮಾಡಿದ್ದೇನೆ ಎಂದು ಒಂದು ಪತ್ರ ಬರೆದು ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಟೈಮ್‌ಟೇಬಲ್, ಹಾಜರಿ ಪುಸ್ತಕದ ಫೋಟೋ ತೆಗೆದಿಡಿ. ಖಾಲಿ ಕಾಲಂ ಇರುವ ಬಿಲ್ಲಿಗೆ ಯಾರು ಹೇಳಿದರೂ ಸಹಿ ಬೇಡ. ವರ್ಷದಲ್ಲಿ ಎರಡು ಮೂರು ಸಲ 26ಎಎಸ್ ನೋಡಿ. ಆರ್‌ಟಿಐ ಉತ್ತರ 30 ದಿನದಲ್ಲಿ ಬರದಿದ್ದರೆ ಸುಮ್ನೆ ಕೂರದೆ ಮೊದಲ ಮೇಲ್ಮನವಿ ಹಾಕಿ.

ನನ್ನ ಬಾಕಿ ಹಣದ ಮನವಿಗೆ ಉತ್ತರ ಇನ್ನೂ ಬಂದಿಲ್ಲ. ನಾನು ಪಾಠ ಮಾಡುತ್ತಿದ್ದ ಪೇಪರ್‌ಗಳಿಗೆ ಈ ವರ್ಷ ಇನ್ನೊಬ್ಬ ಹುಡುಗಿ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ ವಿಚಾರಿಸಿದೆ. ಕ್ಲಾಸ್ ಶುರುವಾಗಿ ಎರಡು ತಿಂಗಳಾಯಿತಂತೆ, ಆದೇಶ ಕೈಗೆ ಬಂದಿಲ್ಲವಂತೆ.