ಗುಡ್ಡದ ಇಳಿಜಾರಿಗೆ ಬೇಲಿಯೋ, ಮುಳ್ಳುಪೊದೆಯ ಮರೆಯೋ?

ಚಿತ್ರದುರ್ಗದ ಜೋಗಿಮಟ್ಟಿಯಂತಹ ಒಣ ಗುಡ್ಡಗಳಲ್ಲಿ ಕೆಲವು ಮರಗಳು ಬಂಡೆಯ ಸೀಳುಗಳಲ್ಲಷ್ಟೇ ಕಾಣುವುದಕ್ಕೆ ಅವು ಕಲ್ಲನ್ನೇ ಬಯಸುತ್ತವೆಂಬುದು ಕಾರಣವಾಗಿರಬೇಕಿಲ್ಲ. ಮೇಕೆಯ ಬಾಯಿ ತಲುಪದ ಜಾಗದಲ್ಲಿ ಮಾತ್ರ ಅವು ಉಳಿದಿರಬಹುದು. ಮಳೆ ಮತ್ತು ಮಣ್ಣಿನಂತೆ ಮೇಯುವ ಪ್ರಾಣಿಗಳೂ ಸಸ್ಯದ ಎಲ್ಲೆಯನ್ನು ಗೆರೆ ಎಳೆದಂತೆ ನಿರ್ಧರಿಸುತ್ತವೆ. ಆದ್ದರಿಂದ ಇಳಿಜಾರಿನಲ್ಲಿ ಒಣನಾಡಿನ ಮರವಾದ ಕಮರದ ಸಸಿ ನೆಡುವವರು ಮೊದಲು ಕಾವಲಿನ ಬಗೆಯನ್ನು ಆರಿಸಿಕೊಳ್ಳಬೇಕು.

ತಂತಿಬೇಲಿಯಿಂದ ಫಲ ಬೇಗ ಕಾಣುತ್ತದೆ. ಆದರೆ ವೆಚ್ಚ ಹೆಚ್ಚು, ಕುರಿಗಾಹಿಗಳ ದಾರಿಯೂ ಮುಚ್ಚುತ್ತದೆ. ಮೇಲಾಗಿ, ಮೇಯುವವರಿಲ್ಲದೆ ಎತ್ತರಕ್ಕೆ ಬೆಳೆದ ಹುಲ್ಲು ಬೇಸಿಗೆಯಲ್ಲಿ ಒಣಗಿ, ಒಂದು ಕಿಡಿ ಬಿದ್ದರೂ ಕಾದು ಬೆಳೆಸಿದ ಸಸಿಗಳನ್ನೆಲ್ಲ ಸುಟ್ಟುಬಿಡಬಹುದು. ಬೇಲಿ ಹಾಕಿದವರು ಹುಲ್ಲು ಕೊಯ್ಯುವ ಹೊಣೆಯನ್ನೂ ಹೊರಲೇಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುತ್ತಲಿನಂತೆ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ) ಓಡಾಡುವ ಕಡೆ ಉದ್ದನೆಯ ಬೇಲಿಯನ್ನು ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ದಾರಿ ನಿಧಾನದ್ದು, ಅಗ್ಗದ್ದು. ದನ, ಮೇಕೆಗಳು ಸಾಮಾನ್ಯವಾಗಿ ಮುಟ್ಟದ ತಂಗಡಿ, ಬಂದರಿಕೆ ಮತ್ತು ಮುಳ್ಳಿನ ಕಾರೆ ಪೊದೆಗಳನ್ನು ಕಡಿಯದೆ ಉಳಿಸಿ, ಅವುಗಳ ನೆರಳಿನಲ್ಲಿ ಸಸಿ ನೆಡುವುದು. ಪೊದೆ ನೀರಿಗಾಗಿ ಪೈಪೋಟಿ ನಡೆಸುತ್ತದೆ, ಎಲ್ಲ ಸಸಿಗಳೂ ಬದುಕುವುದಿಲ್ಲ. ಬದುಕಿದವು ಮೇಕೆ ಹಿಂಗಾಲಲ್ಲಿ ನಿಂತರೂ ಎಟುಕದಷ್ಟು ಎತ್ತರವಾದ ಮೇಲೆ ಕಾವಲು ಬೇಡ.

ಊರಿಗೆ ಹತ್ತಿರದ, ಹಿಂಡು ದಿನವೂ ಹಾಯುವ ತುಂಡುಭೂಮಿಗೆ ಬೇಲಿಯೇ ಸರಿ. ಪೊದೆಗಳು ಇನ್ನೂ ಉಳಿದಿರುವ ದೂರದ ಇಳಿಜಾರಿಗೆ ಪೊದೆಯ ಮರೆಯೇ ಸಾಕು.